ಮುದ್ರೆ ಅಂದ್ರೇನು? ತಣ್ಣನೆ ಮುದ್ರೆ, ಬಿಸಿ ಮುದ್ರೆ, ಹಿತ್ತಾಳೆ ಅಚ್ಚು: ಕೊಳ್ಳುವವರಿಗೂ ಮಾರುವವರಿಗೂ ತಿಳಿದಿರಬೇಕಾದ ಮಾಹಿತಿ

ಕಲಬುರಗಿ: ಆಷಾಢ ಹತ್ತಿರ ಬಂತಂದ್ರೆ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಗೋಪಿಚಂದನ, ಬುಕ್ಕಾ, ವಿಭೂತಿ ಗಟ್ಟಿ, ತುಳಸಿಮಣಿ ಇವುಗಳ ಜೊತೆಗೆ ಮತ್ತೊಂದು ವಸ್ತುವಿಗೂ ಕೇಳಿಕೆ ಇರುತ್ತದೆ. ಅದೇ ಮುದ್ರೆ. ನಮ್ಮ ಕಡೆ ಮಾತಿನಲ್ಲಿ ಮುದ್ರಿ. ಶಂಖ, ಚಕ್ರ ಕೊರೆದ ಪುಟ್ಟ ಹಿತ್ತಾಳೆ ಅಥವಾ ತಾಮ್ರದ ಅಚ್ಚು.

ನೋಡೋಕೆ ಸಣ್ಣ ಸಾಮಾನು. ಆದರೆ ಇದರಲ್ಲಿ ಎರಡು ಪೂರ್ತಿ ಬೇರೆ ಬೇರೆ ಆಚರಣೆಗಳಿವೆ. ಒಂದು, ಗೋಪಿಚಂದನದಲ್ಲಿ ಅದ್ದಿ ಮೈಮೇಲೆ ಒತ್ತಿಕೊಳ್ಳುವ ತಣ್ಣನೆ ಮುದ್ರೆ. ಇದನ್ನು ಮನೆಯಲ್ಲೇ ದಿನಾ ಹಚ್ಚಿಕೊಳ್ಳುತ್ತಾರೆ. ಇನ್ನೊಂದು, ಹೋಮದ ಕೆಂಡದಲ್ಲಿ ಕಾಯಿಸಿ ಗುರುಗಳು ತೋಳಿಗೆ ಮುಟ್ಟಿಸುವ ಬಿಸಿ ಮುದ್ರೆ. ಇದು ಮಠದಲ್ಲಿ, ಗೊತ್ತಾದ ದಿನ, ಗೊತ್ತಾದವರ ಕೈಯಿಂದ ಮಾತ್ರ ಆಗುವಂಥದ್ದು. ಎರಡರಲ್ಲೂ ಶಂಖ ಚಕ್ರವೇ ಇರುವುದರಿಂದ ಗೊಂದಲ ಆಗುತ್ತದೆ. ಅಂಗಡಿಯ ಅಚ್ಚನ್ನು ಮನೆಯ ಗ್ಯಾಸ್ ಒಲೆ ಮೇಲೆ ಕಾಯಿಸಿದರೆ ಆಗುವುದು ಸುಟ್ಟ ಗಾಯ, ಮುದ್ರಾಧಾರಣೆ ಅಲ್ಲ. ಈ ಒಂದು ಮಾತು ಮೊದಲೇ ಗೊತ್ತಿರಲಿ. ಉಳಿದ ವಿವರ ಮುಂದಿದೆ.

ನಮ್ಮ ಜಿಲ್ಲೆಯ ಹಣೆಗಳ ಮೇಲೆ ಏನೇನು ಕಾಣುತ್ತದೆ?

ಸ್ಟೇಶನ್ ಬಜಾರಿನಲ್ಲಿ ಬೆಳಿಗ್ಗೆ ಹತ್ತು ನಿಮಿಷ ನಿಂತರೆ ಸಾಕು, ಹಣೆ ನೋಡಿಯೇ ಯಾರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಅನ್ನೋದು ಒಂದಿಷ್ಟು ತಿಳಿಯುತ್ತದೆ.

ವಿಭೂತಿ: ಶರಣಬಸವೇಶ್ವರರ ಊರಾದ ಕಲಬುರಗಿಯಲ್ಲಿ ಇದೇ ಹೆಚ್ಚು. ಮೂರು ಬೆರಳಿನಿಂದ ಎಳೆದ ಮೂರು ಅಡ್ಡ ಗೆರೆ. ಲಿಂಗಾಯತರಲ್ಲಿ ವಿಭೂತಿ ಅಷ್ಟಾವರಣಗಳಲ್ಲಿ ಒಂದು. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವೇ ಆ ಎಂಟು. ಇದಕ್ಕೆ ಅಚ್ಚು ಬೇಕಿಲ್ಲ, ಬೆರಳೇ ಅಚ್ಚು.

ಭಸ್ಮ: ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ಹೋದವರು ಅಲ್ಲಿನ ಭಸ್ಮದ ಗುಡ್ಡದಿಂದ ಭಸ್ಮ ತಂದು ಮನೆಯಲ್ಲಿಟ್ಟು ಹಚ್ಚಿಕೊಳ್ಳುತ್ತಾರೆ. ದತ್ತ ಭಕ್ತರು ಅಷ್ಟಗಂಧವನ್ನೂ ಹಚ್ಚುತ್ತಾರೆ.

ನಾಮ: ಮಾಧ್ವರದು ಗೋಪಿಚಂದನದ ಉದ್ದ ನಾಮ, ನಡುವೆ ಕಪ್ಪು ಅಂಗಾರದ ಗೆರೆ, ಕೆಳಗೆ ಅಕ್ಷತೆಯ ಬೊಟ್ಟು. ಶ್ರೀವೈಷ್ಣವರದು ಬಿಳಿ ತಿರುಮಣ್, ನಡುವೆ ಕೆಂಪು ಅಥವಾ ಹಳದಿ ಶ್ರೀಚೂರ್ಣ. ಅವರಲ್ಲೂ ತೆಂಗಲೆಯವರ ನಾಮದ ಬುಡ ಮೂಗಿನ ಮೇಲಕ್ಕೆ ಇಳಿದಿರುತ್ತದೆ, ವಡಗಲೆಯವರದು ಹುಬ್ಬಿನ ನಡುವೆಯೇ ಬಾಗಿ ನಿಲ್ಲುತ್ತದೆ.

ವಾರಕರಿ ಗುರುತು: ಪಂಢರಪುರಕ್ಕೆ ನಡೆದುಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಬಹಳ. ಗೋಪಿಚಂದನದ ನಾಮ, ಅದರ ಮೇಲೆ ಕರಿ ಬುಕ್ಕಾ, ಕೊರಳಲ್ಲಿ ತುಳಸಿಮಣಿ. ಪಂಢರಪುರದ ಬೀದಿಯಲ್ಲಿ ತಾಟು ಹಿಡಿದು ನಿಂತು, ಲೋಹದ ಅಚ್ಚಿನಿಂದ ಯಾತ್ರಿಕರ ಹಣೆಗೆ ನಾಮ ಒತ್ತುವವರನ್ನು ಹೋಗಿ ಬಂದವರೆಲ್ಲ ನೋಡಿರುತ್ತಾರೆ.

ಭಂಡಾರ: ಮೈಲಾರಲಿಂಗ, ಖಂಡೋಬಾ ಒಕ್ಕಲಿನವರದು ಅರಿಶಿನದ ಪುಡಿ. ಇದಕ್ಕೂ ಅಚ್ಚಿನ ಅಗತ್ಯ ಇಲ್ಲ.

ಅಂದರೆ ಲೋಹದ ಅಚ್ಚು ಬೇಕಾಗುವುದು ಹೆಚ್ಚಾಗಿ ವಿಷ್ಣು ಭಕ್ತರಿಗೆ. ಮಾಧ್ವರು, ಶ್ರೀವೈಷ್ಣವರು, ವಾರಕರಿಗಳು. ಮೂವರೂ ಅದನ್ನು ಬಳಸುವ ಕ್ರಮ ಬೇರೆ ಬೇರೆ.

ಮುದ್ರೆ ಅನ್ನುವ ಪದ

ಮುದ್ರೆ ಅಂದರೆ ಒತ್ತಿದ ಗುರುತು, ಇದು ಇಂಥವರದು ಅಂತ ಹೇಳುವ ಠಸ್ಸೆ. ತಹಸೀಲ್ ಕಚೇರಿಯ ಕಾಗದದ ಮೇಲೆ ಬೀಳುವುದೂ ಮುದ್ರೆಯೇ. ವಚನದ ಕೊನೆಗೆ ಬರುವ ಅಂಕಿತಕ್ಕೂ ಮುದ್ರಿಕೆ ಅಂತಾರೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಪುರಂದರದಾಸರಿಗೆ ಪುರಂದರವಿಠಲ. ಮೈಮೇಲಿನ ಮುದ್ರೆಯ ಅರ್ಥವೂ ಅದೇ ಜಾತಿಯದು. ಈ ದೇಹ ಯಾರದು ಅನ್ನೋದಕ್ಕೆ ಒಡೆಯನ ಗುರುತು ಹಾಕಿಕೊಳ್ಳುವುದು.

ತಣ್ಣನೆ ಮುದ್ರೆ: ಗೋಪಿಚಂದನದ ಕ್ರಮ

ಗೋಪಿಚಂದನ ಅಂದರೆ ಚಂದನ ಅಲ್ಲ. ಅದು ಮಣ್ಣು. ಗುಜರಾತಿನ ದ್ವಾರಕೆ ಹತ್ತಿರದ ಗೋಪಿ ತಲಾವ್ ಎಂಬ ಕೆರೆಯ ತಿಳಿ ಹಳದಿ ಬಣ್ಣದ ನುಣುಪು ಜೇಡಿ. ಉಡುಪಿಯ ಕೃಷ್ಣನ ವಿಗ್ರಹ ದ್ವಾರಕೆಯಿಂದ ಹಡಗಿನಲ್ಲಿ ಬಂದ ಗೋಪಿಚಂದನದ ಗಡ್ಡೆಯೊಳಗೆ ಇತ್ತು, ಮಲ್ಪೆ ಕಡಲಿನಲ್ಲಿ ಅದು ಮಧ್ವಾಚಾರ್ಯರಿಗೆ ಸಿಕ್ಕಿತು ಅನ್ನೋದು ಸಂಪ್ರದಾಯದಲ್ಲಿ ಹೇಳಿಕೊಂಡು ಬಂದ ಕಥೆ. ಮಾಧ್ವರ ಮನೆಯಲ್ಲಿ ಈ ಮಣ್ಣಿಗೆ ಅಷ್ಟು ಬೆಲೆ ಇರುವುದಕ್ಕೆ ಈ ಕಥೆಯೂ ಒಂದು ಕಾರಣ.

ಸ್ನಾನ ಆದ ಮೇಲೆ ಎಡ ಅಂಗೈಯಲ್ಲಿ ನಾಲ್ಕು ಹನಿ ನೀರು ಹಾಕಿಕೊಂಡು ಗೋಪಿಚಂದನದ ಗಡ್ಡೆ ತೇಯುತ್ತಾರೆ. ಮೊದಲು 12 ಜಾಗದಲ್ಲಿ ನಾಮ. ಒಂದೊಂದು ಜಾಗಕ್ಕೂ ವಿಷ್ಣುವಿನ ಒಂದೊಂದು ಹೆಸರು:

1. ಹಣೆ: ಕೇಶವ
2. ಹೊಟ್ಟೆ: ನಾರಾಯಣ
3. ಎದೆ: ಮಾಧವ
4. ಕಂಠ: ಗೋವಿಂದ
5. ಹೊಟ್ಟೆಯ ಬಲಭಾಗ: ವಿಷ್ಣು
6. ಬಲತೋಳು: ಮಧುಸೂದನ
7. ಕೊರಳಿನ ಬಲಭಾಗ: ತ್ರಿವಿಕ್ರಮ
8. ಹೊಟ್ಟೆಯ ಎಡಭಾಗ: ವಾಮನ
9. ಎಡತೋಳು: ಶ್ರೀಧರ
10. ಕೊರಳಿನ ಎಡಭಾಗ: ಹೃಷೀಕೇಶ
11. ಬೆನ್ನಿನ ಕೆಳಭಾಗ: ಪದ್ಮನಾಭ
12. ಕತ್ತಿನ ಹಿಂಭಾಗ: ದಾಮೋದರ

ಇದು ಶುಕ್ಲ ಪಕ್ಷದ ಕ್ರಮ. ಕೃಷ್ಣ ಪಕ್ಷದಲ್ಲಿ ಮಾಧ್ವರು ಸಂಕರ್ಷಣ ಮೊದಲಾದ ಮುಂದಿನ 12 ಹೆಸರು ಹೇಳುತ್ತಾರೆ.

ನಾಮದ ಮೇಲೆ ಒತ್ತುವುದೇ ಮುದ್ರೆ. ಪೂರ್ತಿ ಜೋಡಣೆಯಲ್ಲಿ ಐದು ಅಚ್ಚು ಇರುತ್ತವೆ: ಚಕ್ರ, ಶಂಖ, ಗದೆ, ಪದ್ಮ ಮತ್ತು ನಾರಾಯಣ ಮುದ್ರೆ. ಇದಕ್ಕೆ ಪಂಚಮುದ್ರೆ ಅಂತಾರೆ. ಚಕ್ರಕ್ಕೆ ಬಲಭಾಗ, ಶಂಖಕ್ಕೆ ಎಡಭಾಗ ಮುಖ್ಯ. ವಿಷ್ಣುವಿನ ಮೂರ್ತಿಯಲ್ಲೂ ಚಕ್ರ ಬಲಗೈಯಲ್ಲಿ, ಶಂಖ ಎಡಗೈಯಲ್ಲಿ ಇರುವುದನ್ನು ನೋಡಿದರೆ ನೆನಪಿಡುವುದು ಸುಲಭ. ಯಾವ ಜಾಗದಲ್ಲಿ ಎಷ್ಟು ಸಲ ಒತ್ತಬೇಕು ಅನ್ನೋದು ಮಠದಿಂದ ಮಠಕ್ಕೆ ವ್ಯತ್ಯಾಸ ಇದೆ. ಮನೆ ಹಿರಿಯರನ್ನೋ ಮಠದವರನ್ನೋ ಕೇಳಿಯೇ ಹಚ್ಚಿಕೊಳ್ಳುವುದು ಸರಿ. ಮೊಬೈಲಿನಲ್ಲಿ ಬಂದ ಚಿತ್ರ ನೋಡಿ ಕಲಿತರೆ ಬೇರೆ ಮಠದ ಕ್ರಮ ನಿಮ್ಮ ಮನೆಗೆ ಬಂದು ಕೂಡುತ್ತದೆ.

ಒತ್ತುವ ರೀತಿ: ತೇಯ್ದ ಗೋಪಿಚಂದನ ಮಜ್ಜಿಗೆಯಷ್ಟು ತೆಳ್ಳಗಾದರೆ ಗುರುತು ಹರಡುತ್ತದೆ. ರೊಟ್ಟಿ ಹಿಟ್ಟಿನಷ್ಟು ಗಟ್ಟಿ ಆದರೆ ಅಚ್ಚಿನ ಸಂದಿಗೆ ಕೂತುಬಿಡುತ್ತದೆ. ಮೊಸರಿನ ಹದ ಇರಬೇಕು. ಅಚ್ಚನ್ನು ಅಂಗೈಯ ಗಂಧಕ್ಕೆ ಮೆಲ್ಲಗೆ ಮುಟ್ಟಿಸಿ, ಮೈಮೇಲೆ ನೇರ ಇಟ್ಟು, ನೇರ ಎತ್ತಬೇಕು. ಜಾರಿಸಬಾರದು.

ಅಂಗಾರ, ಅಕ್ಷತೆ

ನಾಮದ ನಡುವಿನ ಕಪ್ಪು ಗೆರೆಯೇ ಅಂಗಾರ. ದೇವರಿಗೆ ಧೂಪ ಹಾಕಿದ ಇದ್ದಿಲನ್ನು ತೇಯ್ದು ಹಚ್ಚುತ್ತಾರೆ. ಅದರ ಕೆಳಗಿನ ಕೆಂಪು ಬೊಟ್ಟು ಅಕ್ಷತೆ. ಇಲ್ಲಿ ಅಕ್ಷತೆ ಅಂದರೆ ಅಕ್ಕಿಕಾಳು ಅಲ್ಲ, ಅರಿಶಿನ ಸೇರಿಸಿ ತೇಯ್ದ ಲೇಪ. ಅರಿಶಿನದ ಜೊತೆ ಬಾಳೆಯ ಬೂದಿ ಸೇರಿಸಿ ಮಾಡುವ ಪದ್ಧತಿ ಇದೆ. ಬೂದಿಯಲ್ಲಿ ಕ್ಷಾರ ಇರುವುದರಿಂದ ಹಳದಿ ಅರಿಶಿನ ಕೆಂಪಾಗುತ್ತದೆ. ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ತಾಕಿಸಿದರೆ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದವರಿಗೆ ಬಾಳೆ ಬೂದಿ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ!

ಏಕಾದಶಿ ದಿನ ಮಾಧ್ವರು ಅಂಗಾರ ಮಾತ್ರ ಇಟ್ಟುಕೊಂಡು ಅಕ್ಷತೆ ಬಿಡುತ್ತಾರೆ. ಕೆಂಪು ಬೊಟ್ಟು ಕಾಣದಿದ್ದರೆ ಅವತ್ತು ಅವರ ಮನೆಯಲ್ಲಿ ಉಪವಾಸ ಅಂತ ತಿಳಿಯಬಹುದು.

ಬಿಸಿ ಮುದ್ರೆ: ತಪ್ತ ಮುದ್ರಾಧಾರಣೆ

ತಪ್ತ ಅಂದರೆ ಕಾಯಿಸಿದ್ದು. ಆಷಾಢ ಶುಕ್ಲ ಏಕಾದಶಿ ದಿನ ಮಾಧ್ವ ಮಠಗಳಲ್ಲಿ ಸುದರ್ಶನ ಹೋಮ ಮಾಡಿ, ಆ ಅಗ್ನಿಯಲ್ಲಿ ಹಿಡಿ ಇರುವ ಲೋಹದ ಶಂಖ, ಚಕ್ರದ ಮುದ್ರೆ ಕಾಯಿಸಿ, ಮಠದ ಸ್ವಾಮಿಗಳು ಭಕ್ತರ ತೋಳಿಗೆ ಮುಟ್ಟಿಸುತ್ತಾರೆ. ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ. ಕ್ಷಣ ಮಾತ್ರದ ಸ್ಪರ್ಶ. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳುತ್ತಾರೆ. ಉಡುಪಿ ಕೃಷ್ಣಮಠದಲ್ಲಿ ಅವತ್ತು ದೊಡ್ಡ ಸಾಲು ಇರುತ್ತದೆ.

ಈ ಏಕಾದಶಿಗೆ ಪ್ರಥಮ ಏಕಾದಶಿ, ಶಯನೀ ಏಕಾದಶಿ ಅಂತ ಹೆಸರು. ಚಾತುರ್ಮಾಸ್ಯ ವ್ರತ ಶುರುವಾಗುವ ಹೊತ್ತು ಅದು. ಪಂಢರಪುರದ ಆಷಾಢಿ ವಾರಿಯೂ ಅದೇ ದಿನ. ಒಂದೇ ತಿಥಿಗೆ ನಮ್ಮ ಜಿಲ್ಲೆಯ ಒಂದು ಮನೆಯವರು ವಿಠ್ಠಲನ ದರ್ಶನಕ್ಕೆ ಸೊಲ್ಲಾಪುರ ದಾಟಿ ಹೋಗುತ್ತಾರೆ, ಪಕ್ಕದ ಮನೆಯವರು ಮುದ್ರೆಗಾಗಿ ಮಠಕ್ಕೆ ಹೋಗುತ್ತಾರೆ. ಪೂಜಾ ಸಾಮಾನಿನ ವ್ಯಾಪಾರಕ್ಕೆ ಇದು ದೊಡ್ಡ ವಾರ ಆಗುವುದು ಇದೇ ಕಾರಣಕ್ಕೆ.

ನಮ್ಮ ಜಿಲ್ಲೆಯಲ್ಲಿ ಮಾಧ್ವರಿಗೆ ದೊಡ್ಡ ಕ್ಷೇತ್ರ ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ ಊರು. ಕಾಗಿಣಾ ನದಿಯ ದಂಡೆಯ ಉತ್ತರಾದಿ ಮಠದಲ್ಲಿ ಟೀಕಾಚಾರ್ಯರೆಂದು ಹೆಸರಾದ ಜಯತೀರ್ಥರ ಆರಾಧನೆ ಆಷಾಢ ಕೃಷ್ಣ ಪಂಚಮಿಗೆ ನಡೆಯುತ್ತದೆ. ಅಂದರೆ ಮುದ್ರೆಯ ಏಕಾದಶಿ ಆಗಿ ಸುಮಾರು ಒಂಬತ್ತು ದಿನಕ್ಕೆ. ಹೀಗಾಗಿ ಗೋಪಿಚಂದನ, ಅಚ್ಚುಗಳ ಬೇಡಿಕೆ ಏಕಾದಶಿಗೇ ಮುಗಿಯುವುದಿಲ್ಲ, ಆರಾಧನೆಯವರೆಗೂ ಇರುತ್ತದೆ.

ಸ್ವಾಮಿಗಳು ಆ ದಿನ ಯಾವ ಊರಿನಲ್ಲಿ ಇರುತ್ತಾರೆ ಅನ್ನೋದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಷಾಢ ಶುರುವಾದ ಕೂಡಲೇ ನಿಮ್ಮ ಮಠದ ಸ್ಥಳೀಯ ಶಾಖೆಯಲ್ಲಿ ಕೇಳಿಕೊಳ್ಳಿ.

ಶ್ರೀವೈಷ್ಣವರಲ್ಲಿ ಬೇರೆ: ಅವರಲ್ಲಿ ಬಿಸಿ ಮುದ್ರೆ ವರ್ಷಾ ವರ್ಷಾ ಹಾಕಿಸಿಕೊಳ್ಳುವಂಥದ್ದಲ್ಲ. ಪಂಚಸಂಸ್ಕಾರ ಅಥವಾ ಸಮಾಶ್ರಯಣ ಅನ್ನುವ ದೀಕ್ಷೆಯಲ್ಲಿ ಜೀವನದಲ್ಲಿ ಒಂದು ಸಲ. ತಾಪ, ಪುಂಡ್ರ, ನಾಮ, ಮಂತ್ರ, ಯಾಗ ಈ ಐದರಲ್ಲಿ ತಾಪ ಅಂದರೇನೇ ಕಾಯಿಸಿದ ಶಂಖ ಚಕ್ರದ ಮುದ್ರೆ. ಮಂಡ್ಯ ಜಿಲ್ಲೆಯ ಮೇಲುಕೋಟೆ ಕರ್ನಾಟಕದಲ್ಲಿ ಅವರ ಮುಖ್ಯ ಕ್ಷೇತ್ರ. ಮಾಧ್ವರಾಗಲಿ, ಶ್ರೀವೈಷ್ಣವರಾಗಲಿ, ಒಂದು ವಿಷಯ ಸಮ. ಬಿಸಿ ಮುದ್ರೆ ಗುರುಗಳಿಂದ ಬರಬೇಕು. ತಾನೇ ಹಾಕಿಕೊಳ್ಳುವ ಪದ್ಧತಿ ಇಲ್ಲ.

ಮನೆಯಲ್ಲಿ ಯಾಕೆ ಕಾಯಿಸಬಾರದು?

"ಮಠಕ್ಕ ಹೋಗೋಕ ಆಗ್ಲಿಲ್ರಿ, ಮನ್ಯಾಗ ಒಂದೀಟು ಬೆಚ್ಚಗ ಮಾಡಿ ಹಚ್ಕೊಂಡ್ರ ಏನಾತು?" ಅನ್ನೋ ಪ್ರಶ್ನೆಗೆ ನಾಲ್ಕು ಉತ್ತರ.

ಒಂದು, ಬಿಸಿ ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. 60 ಡಿಗ್ರಿ ಬಿಸಿನೀರು ಬಿದ್ದರೇ ದೊಡ್ಡವರ ಚರ್ಮ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಹುದು, ಮಕ್ಕಳದು ಇನ್ನೂ ಬೇಗ. ಗ್ಯಾಸಿನ ಉರಿಯ ಮೇಲೆ ಹಿಡಿದ ಲೋಹ ನೂರಾರು ಡಿಗ್ರಿಗೆ ಹೋಗುತ್ತದೆ. ಬಣ್ಣ ಮಾತ್ರ ಬದಲಾಗಿರುವುದಿಲ್ಲ.

ಎರಡು, ಅಂಗಡಿಯ ಅಚ್ಚು ಬೆಂಕಿಗಾಗಿ ಮಾಡಿದ್ದಲ್ಲ. ತಂತಿ ಬಗ್ಗಿಸಿ ಬೆಸುಗೆ ಹಾಕಿದ ಅಚ್ಚುಗಳಲ್ಲಿ ತವರ ಮತ್ತು ಸೀಸದ ಮೆತ್ತನೆ ಬೆಸುಗೆ ಇದ್ದರೆ ಅದು 200 ಡಿಗ್ರಿಗೂ ಮುಂಚೆಯೇ ಕರಗುತ್ತದೆ. ಕರಗಿದ ಹನಿ ಮೈಮೇಲೆ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೊಳಪಿಗೆ ಬಳಿದ ವಾರ್ನಿಶ್ ಇದ್ದರೆ ಅದೂ ಸುಟ್ಟು ಹೊಗೆ ಬಿಡುತ್ತದೆ.

ಮೂರು, ಹಿಡಿ. ಮನೆ ಬಳಕೆಯ ಅಚ್ಚಿನ ಹಿಡಿ ಒಂದೆರಡು ಇಂಚು. ತಾಮ್ರ ಶಾಖವನ್ನು ಹಿತ್ತಾಳೆಗಿಂತ ಮೂರು ಪಟ್ಟಿಗೂ ಹೆಚ್ಚು ಚುರುಕಾಗಿ ಸಾಗಿಸುತ್ತದೆ, ಬೆಳ್ಳಿ ಇನ್ನೂ ಹೆಚ್ಚು. ಹಿಡಿದ ಬೆರಳೇ ಮೊದಲು ಸುಡುತ್ತದೆ.

ನಾಲ್ಕು, ಸಕ್ಕರೆ ಕಾಯಿಲೆ. ಬಹಳ ವರ್ಷದಿಂದ ಶುಗರ್ ಇದ್ದವರಿಗೆ ನರದ ಸ್ಪರ್ಶ ಕಡಿಮೆ ಆಗಿರಬಹುದು, ಬಿಸಿ ತಾಗಿದ್ದು ತಡವಾಗಿ ತಿಳಿಯುತ್ತದೆ, ಗಾಯ ಬೇಗ ಮಾಯುವುದಿಲ್ಲ. ಇಂಥವರು ಮಠಕ್ಕೆ ಹೋದಾಗಲೂ ತಮಗೆ ಶುಗರ್ ಇದೆ ಅಂತ ಮೊದಲೇ ಹೇಳುವುದು ಒಳ್ಳೆಯದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ತೋಳಿನಲ್ಲಿ ಚರ್ಮರೋಗ ಇರುವವರು, ಸುಟ್ಟ ಕಲೆ ಉಬ್ಬಿ ಗಂಟಾಗುವ ಗುಣ ಇರುವವರು ವೈದ್ಯರನ್ನು ಕೇಳಿಕೊಂಡು ಹೋಗಲಿ.

ಸುಟ್ಟರೆ ಏನು ಮಾಡಬೇಕು? ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಗಡ್ಡೆ, ಟೂತ್‌ಪೇಸ್ಟ್, ಇಂಕು, ಬೂದಿ, ಅರಿಶಿನ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಸ್ವಚ್ಛ ಬಟ್ಟೆಯಿಂದ ಸಡಿಲಾಗಿ ಮುಚ್ಚಿ. ಮಗುವಿಗೆ ಆದರೆ, ಬೊಬ್ಬೆ ದೊಡ್ಡದಿದ್ದರೆ, ಕೀವು ಅಥವಾ ಜ್ವರ ಬಂದರೆ ಆಸ್ಪತ್ರೆಗೆ ಹೋಗಿ.

ಯಾವ ಲೋಹ ತಗೋಬೇಕು?

ಹಿತ್ತಾಳೆ: ತಾಮ್ರ ಮತ್ತು ಸತುವಿನ ಮಿಶ್ರಣ. ದಿನಬಳಕೆಗೆ ಇದೇ ಅನುಕೂಲ. ಗಟ್ಟಿ, ಗೆರೆ ಬೇಗ ಸವೆಯುವುದಿಲ್ಲ, ಬೆಲೆಯೂ ಕೈಗೆಟಕುತ್ತದೆ.

ತಾಮ್ರ: ಪೂಜೆಗೆ ಶ್ರೇಷ್ಠ ಅಂತ ಕೇಳಿ ತಗೊಳ್ಳುವವರು ಇದ್ದಾರೆ. ಮೆತ್ತನೆ ಲೋಹ, ಬಿದ್ದರೆ ಅಂಚು ಮಡಚುತ್ತದೆ. ತೇವ ಉಳಿದರೆ ಹಸಿರು ಕಿಲುಬು ಹಿಡಿಯುತ್ತದೆ.

ಬೆಳ್ಳಿ: ಹಾಲ್‌ಮಾರ್ಕ್ ಇದೆಯಾ ಕೇಳಿ. 925 ಅಂತ ಇದ್ದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಅಂತ ಅರ್ಥ. ತೂಕ ಬರೆದ ಬಿಲ್ ಬಿಡಬೇಡಿ.

ಜರ್ಮನ್ ಸಿಲ್ವರ್: ಹೆಸರಿನಲ್ಲಿ ಮಾತ್ರ ಸಿಲ್ವರ್. ಇದರಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ್ದು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕೃತಕ ಕಿವಿಯೋಲೆ, ವಾಚಿನ ಬಕಲ್, ಬೆಲ್ಟಿನ ಕೊಂಡಿ ತಾಗಿದಲ್ಲಿ ಕಡಿತ, ತುರಿಕೆ ಆಗುವವರು ಈ ಅಚ್ಚಿನಿಂದ ದೂರ ಇರಬೇಕು.

ಕಬ್ಬಿಣದ ಮೇಲೆ ಹಿತ್ತಾಳೆ ಲೇಪ: ಕೆಲವು ಅಗ್ಗದ ಸಾಮಾನು ಹೀಗಿರುತ್ತದೆ. ಆಯಸ್ಕಾಂತ ಹಿಡಿದರೆ ಅಂಟುತ್ತದೆ. ಒಳ್ಳೆ ಹಿತ್ತಾಳೆ, ತಾಮ್ರ, ಬೆಳ್ಳಿಗೆ ಅಂಟುವುದಿಲ್ಲ. ಲೇಪ ಸವೆದ ಮೇಲೆ ತುಕ್ಕು ಮೈಗೆ ಹತ್ತುತ್ತದೆ.

ಕೊಳ್ಳುವ ಮುಂದೆ ಐದು ಪರೀಕ್ಷೆ

1. ಕಾಗದದ ಮೇಲೆ ಒತ್ತಿ ನೋಡಿ. ಅಚ್ಚಿನ ಮೇಲೆ ಅಕ್ಷರ ತಿರುವುಮುರುವು ಇದ್ದರೆ ಮಾತ್ರ ಮೈಮೇಲೆ ನೇರ ಮೂಡುತ್ತದೆ. ಅಕ್ಷರ ಇರುವ ಮುದ್ರೆಯಲ್ಲಿ ಇದು ಬಹಳ ಮುಖ್ಯ. ಅಚ್ಚಿನ ಮೇಲೆ ಚೆಂದ ಓದಲಿಕ್ಕೆ ಬಂದರೆ ಅದು ಉಲ್ಟಾ ಮೂಡುವ ಅಚ್ಚು, ಬಿಟ್ಟುಬಿಡಿ. ಅಂಗಡಿಯಲ್ಲಿ ಒಂದು ಇಂಕ್ ಪ್ಯಾಡ್, ಒಂದು ಬಿಳಿ ಹಾಳೆ ಇಟ್ಟರೆ ಇಬ್ಬರಿಗೂ ಮಾತು ಉಳಿಯುತ್ತದೆ.

2. ಬೆರಳಿನ ತುದಿ ಅಂಚಿನ ಮೇಲೆ ಓಡಿಸಿ. ಎರಕದ ಮೊನಚು ಉಳಿದಿದ್ದರೆ ಚರ್ಮ ಕೊರೆಯುತ್ತದೆ.

3. ಅಚ್ಚಿನ ಮುಖ ಸಮತಟ್ಟಾಗಿದೆಯಾ ನೋಡಿ. ಗಾಜಿನ ಮೇಲೆ ಇಟ್ಟರೆ ಅಲುಗಾಡಬಾರದು. ಅಲುಗಾಡಿದರೆ ಅರ್ಧ ಗುರುತು ಮಾತ್ರ ಬೀಳುತ್ತದೆ.

4. ಗೆರೆಯ ಆಳ ಸಾಕಷ್ಟಿರಲಿ. ಮೇಲು ಮೇಲೆ ಗೀಚಿದ ಅಚ್ಚಿನಲ್ಲಿ ಗೋಪಿಚಂದನ ತುಂಬಿ ಚಕ್ರ ಹೋಗಿ ಬರೀ ಬೊಟ್ಟು ಬೀಳುತ್ತದೆ.

5. ಐದರ ಜೋಡಣೆ ತಗೊಂಡರೆ ಐದನ್ನೂ ಎಣಿಸಿ, ಐದನ್ನೂ ಒತ್ತಿ ನೋಡಿ. ಎರಡು ಚಕ್ರ ಬಂದು ಪದ್ಮ ಬಿಟ್ಟುಹೋಗಿದ್ದರೆ ಮನೆಗೆ ಹೋದ ಮೇಲೆ ಗೊತ್ತಾದರೆ ಕಷ್ಟ. ಕಮಲಾಪುರ, ಮಹಾಗಾಂವ ಕಡೆಯಿಂದ ಬಸ್ಸಿಗೆ ಬಂದವರು ಬದಲಾಯಿಸೋಕೆ ಮತ್ತೊಂದು ದಿನ ಕೆಲಸ ಬಿಡಬೇಕಾಗುತ್ತದೆ.

ಮಣ್ಣು, ಬೂದಿ, ಕುಂಕುಮದ ಗುಣಮಟ್ಟ

ಅಚ್ಚಿಗಿಂತ ಹೆಚ್ಚು ಹೊತ್ತು ಮೈಮೇಲೆ ಇರುವುದು ಅದರಿಂದ ಹಚ್ಚಿದ ವಸ್ತು. ಅದರ ಕಡೆ ಗಮನ ಹೆಚ್ಚು ಬೇಕು.

ಗೋಪಿಚಂದನ: ತೇಯ್ದಾಗ ನುಣುಪಾಗಿರಬೇಕು, ಮರಳು ತಾಗಬಾರದು. ಸೆಂಟಿನ ವಾಸನೆ ಗಮ್ಮಂತ ಬಂದರೆ, ನೀರಿಗೆ ಕಡು ಹಳದಿ ಬಣ್ಣ ಬಿಟ್ಟರೆ ಏನೋ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಮಣ್ಣಿಗೆ ಇರುವುದು ಮಣ್ಣಿನ ವಾಸನೆ.

ವಿಭೂತಿ: ಆಕಳ ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿ, ತಳಕ್ಕೆ ಕೂತದ್ದನ್ನು ಗಟ್ಟಿ ಮಾಡಿ ಒಣಗಿಸುವುದು ಹಳೆಯ ಕ್ರಮ. ಅತಿ ಬೆಳ್ಳಗೆ, ಅತಿ ಅಗ್ಗ ಇದ್ದರೆ ಸುಣ್ಣದ ಪುಡಿಯ ಬೆರಕೆ ಇರಬಹುದು. ಹಚ್ಚಿದಲ್ಲಿ ಉರಿ ಆದರೆ ಬದಲಾಯಿಸಿ.

ಕುಂಕುಮ, ಸಿಂಧೂರ: ಇಲ್ಲಿ ಸೀಸದ ಭಯ ಇದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನ್ಯೂಜೆರ್ಸಿಯ ಅಂಗಡಿಗಳಿಂದ, ಮುಂಬೈ ಮತ್ತು ದೆಹಲಿಯಿಂದ ತಂದ 118 ಸಿಂಧೂರದ ಮಾದರಿ ನೋಡಿದ್ದರು. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಮಾದರಿಗಳಲ್ಲಿ ಸೀಸ ಕಂಡಿತು. ಸೀಸ ಮಕ್ಕಳ ಮಿದುಳಿಗೆ ಕೆಡುಕು. ಕುಂಕುಮ ಹಚ್ಚಿದ ಕೈಯಲ್ಲೇ ಮಗುವಿಗೆ ತಿನ್ನಿಸಬೇಡಿ. ಅರಿಶಿನದಿಂದ ಮಾಡಿದ ಕುಂಕುಮ ಕೇಳಿ ತಗೋರಿ.

ಅಂಟಿಸುವ ಬಿಂದಿ: ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯ ನಡುವೆ ಬಿಳಿ ಮಚ್ಚೆ ಬೀಳುವುದು ಚರ್ಮವೈದ್ಯರಿಗೆ ಗೊತ್ತಿರುವ ತೊಂದರೆ. ಮಚ್ಚೆ ಕಂಡ ಕೂಡಲೇ ಬಿಂದಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಜೋಪಾನ ಹೇಗೆ?

ಹಚ್ಚಿದ ಮೇಲೆ ಅಚ್ಚನ್ನು ಹಾಗೇ ಡಬ್ಬಿಗೆ ಹಾಕಬಾರದು. ಸಂದಿಯಲ್ಲಿ ಒಣಗಿದ ಮಣ್ಣು ಮರುದಿನ ತೆಗೆಯೋಕೆ ಸೂಜಿ ಬೇಕಾಗುತ್ತದೆ, ಸೂಜಿ ಹಾಕಿದರೆ ಗೆರೆ ಕೆಡುತ್ತದೆ. ಹಳೆಯ ಮೆತ್ತನೆ ಬ್ರಷ್‌ನಿಂದ ನೀರಿನಲ್ಲಿ ತಿಕ್ಕಿ, ಬಟ್ಟೆಯಿಂದ ಒರೆಸಿ ಒಣಗಿಸಿ ಇಡಿ. ತಾಮ್ರ, ಹಿತ್ತಾಳೆ ಕಪ್ಪಾದರೆ ತಿಂಗಳಿಗೊಮ್ಮೆ ಹುಣಸೆಹಣ್ಣಿನಿಂದ ತಿಕ್ಕಿದರೆ ಸಾಕು. ಹುಳಿ ಉಳಿಯದಂತೆ ಚೆನ್ನಾಗಿ ತೊಳೆಯಿರಿ.

ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ, ತುರಿಕೆಯಂಥ ಅಂಟು ಚರ್ಮರೋಗ ಇದ್ದರೆ ಅವರ ಅಚ್ಚು ಬೇರೆ ಇರಲಿ. ಒಂದೇ ಅಚ್ಚು ಎಲ್ಲರ ಮೈಮೇಲೆ ಓಡಾಡಿದರೆ ರೋಗವೂ ಜೊತೆಗೆ ಓಡಾಡುತ್ತದೆ. ಯಾತ್ರೆಯಲ್ಲಿ ಬೀದಿಯಲ್ಲಿ ನಾಮ ಹಾಕಿಸಿಕೊಳ್ಳುವವರಿಗೂ ಇದೇ ಮಾತು. ನೂರಾರು ಹಣೆ ಮುಟ್ಟಿದ ಅಚ್ಚು ಅದು, ಒಂದು ಸಲ ತೊಳೆದು ಹಚ್ಚಪ್ಪ ಅಂತ ಕೇಳೋದ್ರಲ್ಲಿ ತಪ್ಪಿಲ್ಲ.

ಅಂಗಡಿಯವರಿಗೆ ನಾಲ್ಕು ಮಾತು

ಮೊದಲು ಕೇಳಿ, ಆಮೇಲೆ ಕೊಡಿ. "ಮುದ್ರಿ ಕೊಡ್ರಿ" ಅಂತ ಬಂದ ಗಿರಾಕಿಗೆ "ಯಾವ ಮಠದವರು? ದಿನಾ ಹಚ್ಚೋಕಾ? ಐದೂ ಬೇಕಾ, ಶಂಖ ಚಕ್ರ ಸಾಕಾ?" ಅಂತ ಕೇಳಿದರೆ ಅರ್ಧ ವಾಪಸಾತಿ ತಪ್ಪುತ್ತದೆ. ವಾರಕರಿಗೆ ಬೇಕಾದ ನಾಮದ ಅಚ್ಚು ಬೇರೆ, ಮಾಧ್ವರ ಪಂಚಮುದ್ರೆ ಬೇರೆ, ಅಯ್ಯಂಗಾರರ ನಾಮ ಬೇರೆ.

ಡಬ್ಬಿಯ ಮೇಲೆ "ತಪ್ತ ಮುದ್ರೆ ಸೆಟ್" ಅಂತ ಬರೆದು ಮಾರಬೇಡಿ. ಮನೆಯಲ್ಲಿ ಕಾಯಿಸಿ ಅಂತ ಹೇಳಿದಂತೆ ಆಗುತ್ತದೆ. "ಗೋಪಿಚಂದನ ಮುದ್ರೆ, ಕಾಯಿಸಬಾರದು" ಅಂತ ಒಂದು ಚೀಟಿ ಅಂಟಿಸಿದರೆ ಯಾವುದೋ ಮನೆಯ ಮಗುವಿನ ತೋಳು ಉಳಿಯುತ್ತದೆ.

ಜರ್ಮನ್ ಸಿಲ್ವರ್‌ಗೆ ಬೆಳ್ಳಿ ಅಂತ ಬಾಯಿಮಾತಿಗೂ ಅನ್ನಬೇಡಿ. ಬಿಲ್‌ನಲ್ಲಿ ಲೋಹದ ಹೆಸರು ಬರೆಯಿರಿ. ಪೊಟ್ಟಣ ಕಟ್ಟಿದ ಸಾಮಾನಿನ ಮೇಲೆ ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಿಂಗಳು, ವರ್ಷ ಇರಬೇಕು ಅನ್ನೋದು 2011ರ ಪೊಟ್ಟಣ ಸಾಮಗ್ರಿ ನಿಯಮ.

ಜಿಎಸ್‌ಟಿ ವಿಷಯದಲ್ಲಿ ಕುಂಕುಮ, ಬಿಂದಿ, ಸಿಂಧೂರ, ವಿಭೂತಿ, ರುದ್ರಾಕ್ಷಿ, ತುಳಸಿಮಣಿ ಇವು ಶೂನ್ಯ ತೆರಿಗೆಯ ಪಟ್ಟಿಯಲ್ಲಿವೆ. ಲೋಹದ ಅಚ್ಚು ಆ ಪಟ್ಟಿಯಲ್ಲಿಲ್ಲ. ಪೂಜಾ ಸಾಮಾನು ಅಂತ ಎಲ್ಲಾ ಒಂದೇ ಸಾಲಿಗೆ ಸೇರಿಸಿ ಬಿಲ್ ಹಾಕಬೇಡಿ, ಲೆಕ್ಕಪತ್ರದವರನ್ನು ಕೇಳಿಕೊಳ್ಳಿ.

ಗಿರಾಕಿಗೆ ಮೋಸ ಆಗಿದೆ ಅನ್ನಿಸಿದರೆ ಮೊದಲು ಬಿಲ್ ಹಿಡಿದು ಅಂಗಡಿಯಲ್ಲೇ ಕೇಳಲಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪದೇ ಪದೇ ಕೇಳುವ ಪ್ರಶ್ನೆಗಳು

ಹೆಂಗಸರು ಮುದ್ರೆ ಹಾಕಿಸಿಕೊಳ್ಳಬಹುದಾ? ಮಠಗಳಲ್ಲಿ ಹೆಂಗಸರಿಗೂ ತಪ್ತ ಮುದ್ರೆ ಹಾಕುತ್ತಾರೆ.

ಬಿಸಿ ಮುದ್ರೆಯ ಗುರುತು ಶಾಶ್ವತವಾ? ಕ್ಷಣಮಾತ್ರ ಮುಟ್ಟಿಸಿದ ಗುರುತು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಾಸುತ್ತದೆ. ಕೆಲವರ ಚರ್ಮದಲ್ಲಿ ಕಲೆ ಉಳಿಯಬಹುದು. ಆ ಜಾಗವನ್ನು ಕೆರೆಯಬೇಡಿ.

ಈ ವರ್ಷ ಮಠಕ್ಕೆ ಹೋಗೋಕೆ ಆಗದಿದ್ದರೆ? ಗೋಪಿಚಂದನದ ತಣ್ಣನೆ ಮುದ್ರೆ ಮನೆಯಲ್ಲಿ ಹಚ್ಚಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಬಿಸಿ ಮುದ್ರೆಯ ಬಗ್ಗೆ ನಿಮ್ಮ ಮಠದವರನ್ನೇ ಕೇಳಿ.

ಹಳೆಯ ಅಚ್ಚು ಸವೆದಿದೆ, ಏನು ಮಾಡಲಿ? ಎಸೆಯಬೇಡಿ. ಅಜ್ಜ, ಮುತ್ತಜ್ಜರ ಕಾಲದ ಅಚ್ಚುಗಳಲ್ಲಿ ಕೈಯಿಂದ ಕೊರೆದವು ಇರುತ್ತವೆ. ಕೊರೆಯುವ ಕೆಲಸ ಬಲ್ಲವರಿಗೆ ಕೊಟ್ಟರೆ ಗೆರೆ ಆಳ ಮಾಡಿಕೊಡುತ್ತಾರೆ. ಹೊಸದು ತಗೊಳ್ಳುವುದಾದರೂ ಹಳೆಯದನ್ನು ಕಾಗದದ ಮೇಲೆ ಒತ್ತಿ ಆ ಗುರುತನ್ನು ಅಂಗಡಿಗೆ ತನ್ನಿ. ನಿಮ್ಮ ಮನೆಯ ಚಕ್ರಕ್ಕೆ ಎಷ್ಟು ಅರೆಗಳು, ಶಂಖದ ಬಾಯಿ ಯಾವ ಕಡೆ ಅನ್ನೋದು ಅದರಲ್ಲೇ ಇರುತ್ತದೆ. ಅದಕ್ಕೆ ಹೊಂದುವ ಅಚ್ಚು ಹುಡುಕುವುದು ಆಗ ಸುಲಭ.